ಕೆಲಸದ ಸುದ್ದಿ ಸರಿಯಿಲ್ಲ, ತಲೆಮೇಲೆ ಮನೆ ಸಾಲವಿದೆ. ಕೈಲಿರುವ ದುಡ್ಡನ್ನು ಎಲ್ಲಿಡಲಿ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಸಾಲ ಮಾಡಿ ಮನೆ ತೆಗೆದುಕೊಂಡೆವು. ಇನ್ನೂ ಹದಿನಾರು ವರ್ಷದ ಕಂತು ಬಾಕಿ ಇದೆ. ಫ್ಲೋಟಿಂಗ್ ಬಡ್ಡಿ, ಅಂದರೆ ಆಗಾಗ ಏರಿಳಿಯುವಂಥದ್ದು. ನಮ್ಮ ಯಜಮಾನರು ಕಟ್ಟಡದ ಸಾಮಾನು ತಯಾರಿಸುವ ಕಂಪನಿಯಲ್ಲಿದ್ದಾರೆ. ನಾನು ಅರ್ಧ ದಿನದ ಕೆಲಸ ಮಾಡುತ್ತೇನೆ. ಅವರ ಕಂಪನಿಯಲ್ಲಿ ಜನರನ್ನು ತೆಗೆಯುತ್ತಾರೆ ಅಂತ ಮಾತು ಹಬ್ಬಿದೆ. ಹತ್ತು ತಿಂಗಳ ಖರ್ಚಿಗೆ ಆಗುವಷ್ಟು ಹಣ ಉಳಿಸಿದ್ದೇವೆ. ಸ್ವಲ್ಪ ಷೇರುಗಳೂ ಇವೆ, ಅದರಲ್ಲಿ ಅರ್ಧ ಅವರ ಕಂಪನಿಯದೇ. ಉಳಿಸಿದ್ದನ್ನೆಲ್ಲ ಹಾಕಿ ಸಾಲ ಇಳಿಸೋಣ ಅನ್ನುವುದು ನನ್ನ ಮನಸ್ಸು. ಮಾರುಕಟ್ಟೆ ಬಿದ್ದಿದೆ, ಷೇರು ಕೊಳ್ಳೋಣ ಅನ್ನುವುದು ಅವರದು. ನಮ್ಮ ಭಾವ ಹೇಳುವುದೇ ಬೇರೆ. ಈಗ ಮನೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ಇರುವ ಮನೆಯ ಮೇಲೆ ಇನ್ನಷ್ಟು ಸಾಲ ಎತ್ತಿ ಎರಡನೆಯದನ್ನು ಹಿಡಿಯಿರಿ ಅನ್ನುತ್ತಾರೆ. ಇದ್ಯಾವುದೂ ಬೇಡ, ಮನೆ ಮಾರಿ ಬಾಡಿಗೆಗೆ ಹೋಗಿಬಿಡೋಣ ಅಂತಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಒಂದು ಹಾಳೆಯ ಮೇಲೆ ನಿಮ್ಮ ಸಂಸಾರದ ಲೆಕ್ಕ ಬರೆದುಕೊಂಡೆ. ದೊಡ್ಡ ಸಂಬಳ ಬರುವುದು ಕಟ್ಟಡದ ಸಾಮಾನಿನಿಂದ. ದೊಡ್ಡ ಆಸ್ತಿ ಒಂದು ಕಟ್ಟಡ. ಷೇರಿನಲ್ಲಿ ಅರ್ಧ ಕಟ್ಟಡದ ಸಾಮಾನಿನ ಕಂಪನಿಯದು. ಭಾವನವರು ತೋರಿಸುತ್ತಿರುವುದು ಇನ್ನೊಂದು ಕಟ್ಟಡ. ಜನ ಮನೆ ಕಟ್ಟಿಸುವುದನ್ನು ನಿಲ್ಲಿಸಿದರೆ ಈ ನಾಲ್ಕಕ್ಕೂ ಒಂದೇ ವಾರದಲ್ಲಿ ಜ್ವರ ಬರುತ್ತದೆ. ಸಾಲ ತೀರಿಸಲಾ, ಷೇರು ಕೊಳ್ಳಲಾ ಅನ್ನುವ ಪ್ರಶ್ನೆಗಿಂತ ಮೊದಲು ಕಾಣಬೇಕಾದ್ದು ಇದು.

ಆರ್ಥಿಕ ಹಿಂಜರಿತ, ಅಂದರೆ ವ್ಯಾಪಾರವೂ ಕೆಲಸವೂ ಕುಗ್ಗುವ ಕಾಲ, ಅಂದ ಕೂಡಲೇ ಎಲ್ಲರೂ ಬೆಲೆ ಎಷ್ಟು ಬೀಳಬಹುದು ಅಂತ ಕೇಳುತ್ತಾರೆ. ನಾನು ಇಪ್ಪತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ, ಟೇಬಲ್ಲಿನ ಆ ಕಡೆ ಕೂತಿದ್ದವನು. ಬೆಲೆ ಬಿದ್ದ ಒಂದೇ ಕಾರಣಕ್ಕೆ ಮನೆ ಕಳೆದುಕೊಂಡವರನ್ನು ಅಲ್ಲಿ ನೋಡಿದ್ದು ಕಮ್ಮಿ. ಬೆಲೆ ಬಿದ್ದಿರುವ ಹೊತ್ತಿನಲ್ಲೇ ಮಾರಲೇಬೇಕಾಗಿ ಬಂದವರು ಕಳೆದುಕೊಂಡರು. ಮನೆಯಾದರೂ ಅಷ್ಟೇ, ಷೇರಾದರೂ ಅಷ್ಟೇ. ಹಾಗಾಗಿ ನಿಮ್ಮ ನಾಲ್ಕೂ ಪ್ರಶ್ನೆಗೆ ನಾನು ಹಿಡಿಯುವ ಅಳತೆಗೋಲು ಒಂದೇ: ಹೀಗೆ ಮಾಡಿದರೆ, ಏನನ್ನೂ ಮಾರದೆ ನೀವು ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ?

ಮೊದಲು ನಿಮ್ಮ ಪ್ರಶ್ನೆ, ಸಾಲ ಇಳಿಸುವುದು. ಸಾಮಾನ್ಯ ಕಾಲದಲ್ಲಿ ಇದು ಒಳ್ಳೆಯ ಯೋಚನೆ. ಶೇ. 8ರ ಸಾಲವನ್ನು ಮುಂಚೆಯೇ ತೀರಿಸಿದರೆ ಆ ಹಣಕ್ಕೆ ಶೇ. 8 ಗಳಿಸಿದ ಹಾಗೇ. ಅಷ್ಟು ಖಚಿತವಾಗಿ ಕೊಡುವ ಹೂಡಿಕೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಗೋಡೆಯೊಳಗೆ ಹೋದ ದುಡ್ಡು ಬೇಕೆಂದಾಗ ಹೊರಗೆ ಬರುವುದಿಲ್ಲ, ಕಷ್ಟ ಇರುವುದು ಅಲ್ಲಿ.

ಒಬ್ಬರು ನೆನಪಾಗುತ್ತಾರೆ. ಒಂದು ಪ್ಲಾಸ್ಟಿಕ್ ಕವರು ಹಿಡಿದು ಬಂದಿದ್ದರು. ಅದರೊಳಗೆ ಕಂತು ಕಟ್ಟಿದ ರಸೀದಿಗಳು, ದಿನಾಂಕದ ಪ್ರಕಾರ ಜೋಡಿಸಿ ಮೂಲೆಗೆ ಕ್ಲಿಪ್ಪು ಹಾಕಿದ್ದರು. ಆರು ವರ್ಷದಲ್ಲಿ ಒಂದು ಕಂತೂ ತಪ್ಪಿರಲಿಲ್ಲ. ಎಂಟು ತಿಂಗಳ ಹಿಂದೆ ಬೋನಸ್ಸು, ಉಳಿತಾಯ ಎಲ್ಲ ಸೇರಿಸಿ ದೊಡ್ಡ ಮೊತ್ತವನ್ನು ಅಸಲಿಗೆ ಕಟ್ಟಿದ್ದರು. ಆಮೇಲೆ ಕೆಲಸ ಹೋಯಿತು. ಮೂರು ಕಂತು ನಿಂತಿತು. "ಸಾರ್, ಅವತ್ತು ಜಾಸ್ತಿ ಕಟ್ಟಿದ್ದೆನಲ್ಲ, ಅದರಲ್ಲೇ ಈ ಮೂರು ಕಂತು ಮುರಿದುಕೊಳ್ಳಿ" ಅಂದರು. ಎಷ್ಟು ನ್ಯಾಯವಾದ ಮಾತು, ಅಲ್ವಾ? ಆದರೆ ನನ್ನ ಕಂಪ್ಯೂಟರಿನಲ್ಲಿ ಅಂಥ ಕಾಲಂ ಇರಲಿಲ್ಲ. ಹಿಂದೆ ಕಟ್ಟಿದ್ದು ಅಸಲಿನಲ್ಲಿ ಕಳೆದುಹೋಗಿತ್ತು. ಈ ತಿಂಗಳ ಕಂತು ಈ ತಿಂಗಳದ್ದೇ. ಅದೇ ಹಣವನ್ನು ಉಳಿತಾಯ ಖಾತೆಯಲ್ಲಿ ಸುಮ್ನೆ ಬಿಟ್ಟಿದ್ದರೆ ಒಂದೂವರೆ ವರ್ಷದ ಕಂತು ನಡೆಯುತ್ತಿತ್ತು. ಬಡ್ಡಿ ಉಳಿಸಲು ಹೋಗಿ ಅವರು ಕಾಲವನ್ನು ಕಳೆದುಕೊಂಡಿದ್ದರು.

ಆದ್ದರಿಂದ ನಿಮ್ಮ ಹತ್ತು ತಿಂಗಳ ಹಣವನ್ನು ಈಗ ಮುಟ್ಟಬೇಡಿ. ಕಂಪನಿಯ ಸುದ್ದಿ ಏನಾಯಿತೆಂದು ಗೊತ್ತಾಗುವವರೆಗೆ ಸಾಲಕ್ಕೂ ಹಾಕಬೇಡಿ, ಷೇರಿಗೂ ಹಾಕಬೇಡಿ. ಬ್ಯಾಂಕು ಬಡ್ಡಿ ಕಡಿಮೆ ಕೊಡುತ್ತದೆ, ನಿಜ. ಆ ವ್ಯತ್ಯಾಸವನ್ನು ವಿಮೆಯ ಪ್ರೀಮಿಯಂ ಅಂದುಕೊಳ್ಳಿ. ಇದಕ್ಕೆ ಎರಡು ವಿನಾಯಿತಿ ಇದೆ. ನಿಮ್ಮ ಸಾಲ ಓವರ್‌ಡ್ರಾಫ್ಟ್ ಥರದ್ದಾಗಿದ್ದರೆ, ಅಂದರೆ ಹೆಚ್ಚಿಗೆ ಕಟ್ಟಿದ ಹಣವನ್ನು ಬೇಕಾದಾಗ ವಾಪಸ್ ತೆಗೆಯಲು ಬರುವುದಾದರೆ, ಒಂದು ಭಾಗವನ್ನು ಅಲ್ಲಿಡಬಹುದು. ಬಡ್ಡಿಯೂ ಉಳಿಯುತ್ತದೆ, ಹಣವೂ ಕೈಗೆ ಸಿಗುತ್ತದೆ. ಆದರೂ ಪೂರ್ತಿ ಅಲ್ಲೇ ಇಡಬೇಡಿ, ಕಾರಣ ಆಮೇಲೆ ಹೇಳುತ್ತೇನೆ. ಇನ್ನೊಂದು, ಕ್ರೆಡಿಟ್ ಕಾರ್ಡಿನ ಬಾಕಿಯೋ ಹೆಚ್ಚಿನ ಬಡ್ಡಿಯ ಕೈಸಾಲವೋ ಇದ್ದರೆ ಅದನ್ನು ಇವತ್ತೇ ತೀರಿಸಿ. ಅದರ ಬಗ್ಗೆ ಚರ್ಚೆಯೇ ಇಲ್ಲ.

ಹತ್ತು ತಿಂಗಳು ಸಾಕಾ? ಮೂರು ತಿಂಗಳ ಖರ್ಚು ಇಟ್ಟುಕೊಳ್ಳಿ, ಆರು ತಿಂಗಳದ್ದು ಇಟ್ಟುಕೊಳ್ಳಿ ಅಂತ ಎಲ್ಲೆಡೆ ಓದಿರುತ್ತೀರಿ. ಅದು ಒಳ್ಳೆಯ ಕಾಲದ ಲೆಕ್ಕ. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ನಿರುದ್ಯೋಗ ಶೇ. 10 ಮುಟ್ಟಿತು. ಅಂದರೆ ಕೆಲಸ ಮಾಡುವ, ಹುಡುಕುವ ನೂರು ಜನರಲ್ಲಿ ತೊಂಬತ್ತು ಜನಕ್ಕೆ ಕೆಲಸ ಇತ್ತು, ಕೇಳಲು ಅಷ್ಟು ಭಯ ಆಗುವುದಿಲ್ಲ. ಆದರೆ ಕೆಲಸ ಹೋದವರಿಗೆ ಮತ್ತೆ ಸಿಗಲು ಎಷ್ಟು ಕಾಲ ಹಿಡಿಯಿತು ನೋಡಿ. 2010ರಲ್ಲಿ ಕೆಲಸವಿಲ್ಲದ ನೂರು ಜನರಲ್ಲಿ ನಲವತ್ತಕ್ಕೂ ಹೆಚ್ಚು ಜನ ಆರು ತಿಂಗಳು ದಾಟಿಯೂ ಹುಡುಕುತ್ತಲೇ ಇದ್ದರು. ಒಂದು ಉದ್ಯಮ ಪೂರ್ತಿ ಮಲಗಿದಾಗ ಪಕ್ಕದ ಕಂಪನಿಯೂ ಅದೇ ಹಾಸಿಗೆಯಲ್ಲಿ ಮಲಗಿರುತ್ತದೆ. ನಿಮ್ಮ ಯಜಮಾನರು ಕೆಲಸ ಹುಡುಕಬೇಕಾಗಿ ಬಂದರೆ ಅದೇ ಅನುಭವದ ನೂರಾರು ಜನ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ನಿಮ್ಮ ಅರ್ಧ ದಿನದ ಸಂಬಳ ಸೇರಿಸಿದರೆ ಹತ್ತು ತಿಂಗಳದ್ದು ಹದಿಮೂರೋ ಹದಿನಾಲ್ಕೋ ಆಗಬಹುದು. ಅದು ಒಳ್ಳೆಯ ಸ್ಥಿತಿ. ಬಹಳ ಜನಕ್ಕೆ ಅದಿಲ್ಲ.

ಈ ಖರ್ಚಿನ ಲೆಕ್ಕದಲ್ಲಿ ಕಂತು ಇವತ್ತಿನಷ್ಟೇ ಇರುತ್ತದೆ ಅಂದುಕೊಂಡಿರಾ? ಫ್ಲೋಟಿಂಗ್ ಬಡ್ಡಿ ಅಂದಿರಿ, ಅದಕ್ಕೇ ಕೇಳಿದೆ. ಹಿಂಜರಿತದಲ್ಲಿ ಬಡ್ಡಿ ಇಳಿಯುತ್ತದೆ ಅನ್ನುವುದು ರೂಢಿಯ ಮಾತು. 2008ರ ಡಿಸೆಂಬರ್ ಹೊತ್ತಿಗೆ ಅಮೆರಿಕದ ಕೇಂದ್ರ ಬ್ಯಾಂಕು, ಅಂದರೆ ಫೆಡರಲ್ ರಿಸರ್ವ್, ಬಡ್ಡಿಯನ್ನು ಹತ್ತಿರಹತ್ತಿರ ಸೊನ್ನೆಗೆ ತಂದಿತ್ತು. ಆದರೆ 2022ರಲ್ಲಿ ಹಣದುಬ್ಬರ ಏರಿದಾಗ ಅದೇ ಬ್ಯಾಂಕು ಸೊನ್ನೆಯ ಹತ್ತಿರದಿಂದ ಹೊರಟು 2023ರ ಜುಲೈಗೆ ಶೇ. 5.25 ದಾಟಿಸಿತು. ದಿನಸಿಯ ಬೆಲೆಯೂ ಏರುತ್ತಿದೆ, ಕಂತೂ ಏರುತ್ತಿದೆ ಅನ್ನುವ ಸ್ಥಿತಿ. ಕೆಟ್ಟ ಕಾಲದಲ್ಲಿ ಬಡ್ಡಿಯಾದರೂ ಇಳಿಯುತ್ತದೆ ಅಂತ ಬರೆದುಕೊಟ್ಟವರು ಯಾರೂ ಇಲ್ಲ.

ಬಡ್ಡಿ ಏರಿದರೆ ಏನಾಗುತ್ತದೆ ಅನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಹದಿನಾರು ವರ್ಷದ ಸಾಲ ಬಾಕಿ ಇದೆ, ಬಡ್ಡಿ ಶೇ. 8 ಅಂದುಕೊಳ್ಳಿ. ಪ್ರತಿ 1,000ಕ್ಕೆ ತಿಂಗಳ ಕಂತು 9.25. ಬಡ್ಡಿ ಶೇ. 10 ಆಯಿತು ಅನ್ನಿ. ಕಂತು ಏರಿಸಿದರೆ 10.46 ಆಗುತ್ತದೆ, ಶೇ. 13 ಜಾಸ್ತಿ. ಕಂತು ಏರಿಸದೆ ಅವಧಿ ಎಳೆದರೆ ಹದಿನಾರು ವರ್ಷ ಹೋಗಿ ಇಪ್ಪತ್ತಮೂರು ಆಗುತ್ತದೆ. ನಿಮ್ಮದು ನಾಲ್ಕು ವರ್ಷ ಹಳೆಯ ಸಾಲ, ಅದಕ್ಕೇ ಇಷ್ಟಕ್ಕೆ ನಿಂತಿತು. ಮೊನ್ನೆ ಮೊನ್ನೆ ಇಪ್ಪತ್ತು ವರ್ಷಕ್ಕೆ ತೆಗೆದವರ ಲೆಕ್ಕ ಇನ್ನೂ ವಿಚಿತ್ರ. ಅವರ ಕಂತು 1,000ಕ್ಕೆ 8.36. ಶೇ. 10ರಲ್ಲಿ ಮೊದಲ ತಿಂಗಳ ಬಡ್ಡಿಯೇ 8.33. ಅಸಲಿಗೆ ಹೋಗುವುದು 0.03! ಅದೇ ಕಂತು ಕಟ್ಟುತ್ತಾ ಹೋದರೆ ಸಾಲ ತೀರಲು 56 ವರ್ಷ ಬೇಕು. ಬ್ಯಾಂಕುಗಳು ಅಷ್ಟು ಕಾಲ ಬಿಡುವುದಿಲ್ಲ, ಕಂತು ಏರಿಸುತ್ತವೆ. ಕಂತು ಹಾಗೇ ಇದೆಯಲ್ಲ, ನಮಗೇನೂ ಆಗಿಲ್ಲ ಅಂತ ಕೂತವರನ್ನು ಈ ಲೆಕ್ಕ ಒಂದು ದಿನ ಎಬ್ಬಿಸುತ್ತದೆ. ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಬಾಕಿ ಎಷ್ಟು ತಿಂಗಳು ಅಂತ ನೋಡಿ. ಕಂತಿನ ಮೊತ್ತ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಈಗ ಮನೆಯ ಬೆಲೆ. ಮನೆ ಭದ್ರ ಅನ್ನಿಸುವುದಕ್ಕೆ ಒಂದು ಕಾರಣ, ಅದರ ಬೆಲೆಯನ್ನು ಯಾರೂ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ಕೂಗುವುದಿಲ್ಲ. ಷೇರಿನ ಬೆಲೆ ನಿಮಿಷಕ್ಕೊಮ್ಮೆ ಕಾಣುತ್ತದೆ. ಮನೆಯದು ಮಾರಲು ಹೋದಾಗ ಮಾತ್ರ. ಹಿಂಜರಿತದಲ್ಲಿ ಮನೆಯ ಬೆಲೆ ತಕ್ಷಣ ಬೀಳುವುದಿಲ್ಲ. ಮೊದಲು ವ್ಯಾಪಾರ ನಿಲ್ಲುತ್ತದೆ. ಮಾರುವವರು ಹಳೇ ಬೆಲೆ ಬಿಡುವುದಿಲ್ಲ, ಕೊಳ್ಳುವವರು ಬರುವುದಿಲ್ಲ. ತಿಂಗಳುಗಟ್ಟಲೆ ಹೀಗೆ ಕಳೆದು, ಆಮೇಲೆ ಹಣ ಬೇಕೇಬೇಕಾದ ಯಾರೋ ಒಬ್ಬರು ಇಳಿಸಿ ಮಾರುತ್ತಾರೆ. ಆ ಬೆಲೆ ಬೀದಿಯ ಬೆಲೆ ಆಗುತ್ತದೆ.

ಎಷ್ಟು ಬೀಳಬಹುದು? ಅಮೆರಿಕದಲ್ಲಿ 2006ರಿಂದ 2012ರವರೆಗೆ ದೇಶದ ಒಟ್ಟು ಲೆಕ್ಕದಲ್ಲಿ ಸುಮಾರು ಶೇ. 27 ಇಳಿಯಿತು. ಅಲ್ಲಿನದೇ ಲಾಸ್ ವೇಗಸ್ ನಗರದಲ್ಲಿ ಶೇ. 60ರ ಆಸುಪಾಸು. ಐರ್ಲೆಂಡಿನಲ್ಲಿ 2007ರಿಂದ 2013ರ ನಡುವೆ ಸುಮಾರು ಅರ್ಧ ಹೋಯಿತು. ಜಪಾನಿನ ದೊಡ್ಡ ನಗರಗಳಲ್ಲಿ 1991ರ ಆಚೆ ಜಮೀನಿನ ಬೆಲೆ ಹತ್ತು ವರ್ಷ ದಾಟಿಯೂ ಇಳಿಯುತ್ತಲೇ ಇತ್ತು. ಇದನ್ನು ಓದಿ ಗಾಬರಿಯಾಗಬೇಡಿ, ಇನ್ನೊಂದು ಕಡೆಯೂ ಇದೆ. 2001ರ ಹಿಂಜರಿತದಲ್ಲಿ ಅಮೆರಿಕದ ಮನೆಗಳ ಬೆಲೆ ಏರಿತ್ತು. 2020ರಲ್ಲಿ ಲೋಕವೇ ಬಾಗಿಲು ಹಾಕಿದಾಗಲೂ ಹಲವು ದೇಶಗಳಲ್ಲಿ ಮನೆ ಬೆಲೆ ಏರಿತು. ಹಿಂಜರಿತ ಬಂದಾಗಲೆಲ್ಲ ಮನೆ ಬೆಲೆ ಕುಸಿಯುತ್ತದೆ ಅನ್ನುವುದೂ ತಪ್ಪು, ಮನೆ ಬೆಲೆ ಇಳಿಯುವುದೇ ಇಲ್ಲ ಅನ್ನುವುದೂ ತಪ್ಪು. ಬೆಲೆ ಏರುವ ಮುಂಚೆ ಎಷ್ಟು ಸಾಲ ಹರಿದಿತ್ತು ಅನ್ನುವುದರ ಮೇಲೆ ಬಹಳ ನಿಂತಿದೆ. 2008ರ ಮುಂಚೆ ಅಮೆರಿಕದಲ್ಲಿ ಆದಾಯದ ಪುರಾವೆಯನ್ನೂ ಕೇಳದೆ ಸಾಲ ಕೊಟ್ಟಿದ್ದರು. ಮೊದಲ ಎರಡು ಮೂರು ವರ್ಷ ಕಂತು ಕಮ್ಮಿ, ಆಮೇಲೆ ಒಮ್ಮೆಲೇ ಏರುವಂಥ ಸಾಲಗಳು. ಬೆಲೆ ಏರುತ್ತಿದ್ದಷ್ಟು ದಿನ ಹಳೇ ಸಾಲ ತೀರಿಸಲು ಹೊಸ ಸಾಲ ಸಿಗುತ್ತಿತ್ತು. ಬೆಲೆ ನಿಂತ ದಿನ ಅದೂ ನಿಂತಿತು.

ಸಾಲದ ಮನೆಯಲ್ಲಿ ಸಣ್ಣ ಇಳಿತವೂ ನಮ್ಮ ಪಾಲಿಗೆ ದೊಡ್ಡದು. ಮನೆ ಬೆಲೆ 100, ನಿಮ್ಮ ಕೈಯಿಂದ 20, ಸಾಲ 80. ಬೆಲೆ 80ಕ್ಕೆ ಇಳಿದರೆ ಮನೆ ಕಳೆದುಕೊಂಡಿದ್ದು ಶೇ. 20. ನೀವು ಕಳೆದುಕೊಂಡಿದ್ದು ನಿಮ್ಮದು ಅಂತ ಇದ್ದ ಪೂರ್ತಿ ಹಣ. ಇನ್ನೂ ಇಳಿದರೆ ಮಾರಿದರೂ ಸಾಲ ತೀರುವುದಿಲ್ಲ. ಆದರೆ ಒಂದು ಮಾತು. ಹೀಗಾದ ಎಲ್ಲರೂ ಮನೆ ಬಿಡಲಿಲ್ಲ. 2008ರ ನಂತರ ಅಧ್ಯಯನ ಮಾಡಿದವರು ಕಂಡುಕೊಂಡಿದ್ದೇನು ಅಂದರೆ, ಸಾಮಾನ್ಯವಾಗಿ ಎರಡು ಏಟು ಒಟ್ಟಿಗೆ ಬಿದ್ದಾಗ ಜನ ಮುಳುಗುತ್ತಾರೆ. ಸಾಲ ಮನೆಯ ಬೆಲೆಗಿಂತ ಜಾಸ್ತಿಯಾಗಬೇಕು, ಜೊತೆಗೆ ಸಂಬಳವೂ ನಿಲ್ಲಬೇಕು. ಸಂಬಳ ಇದ್ದವರು ಬೈದುಕೊಂಡು ಕಂತು ಕಟ್ಟಿ ಮನೆಯಲ್ಲೇ ಉಳಿದರು. ಬೆಲೆ ಇದ್ದು ಸಂಬಳ ಹೋದವರು ಮಾರಿ ಸಾಲ ತೀರಿಸಿ ಹೊರಬಂದರು. ನಿಮ್ಮ ಮನೆಯಲ್ಲಿ ಎರಡೂ ಏಟು ಒಂದೇ ದಿಕ್ಕಿನಿಂದ ಬರುವಂತಿದೆ. ನನಗೆ ಚಿಂತೆ ಅದೇ.

ಅದಕ್ಕೇ ಮುಂದಿನ ಮಾತು ನಿಮ್ಮ ಯಜಮಾನರಿಗೆ. ನಿಮ್ಮ ಕಂಪನಿಯ ಷೇರುಗಳನ್ನು ಮಾರಿಬಿಡಿ. ಬಿದ್ದಿದೆ, ಏರಿದ ಮೇಲೆ ಮಾರುತ್ತೇನೆ ಅನ್ನಬೇಡಿ. ಒಳಗಿರುವವನಿಗೆ ತನ್ನ ಕಂಪನಿ ಚೆನ್ನಾಗಿ ಗೊತ್ತು ಅನ್ನುವ ಧೈರ್ಯ ಇರುತ್ತದೆ. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ನೌಕರರಿಗೂ ಇತ್ತು. 2000ದ ಆಗಸ್ಟಿನಲ್ಲಿ 90 ಡಾಲರ್ ಇದ್ದ ಷೇರು 2001 ಮುಗಿಯುವ ಹೊತ್ತಿಗೆ ಒಂದು ಡಾಲರಿಗಿಂತ ಕೆಳಗೆ ಹೋಯಿತು. ನೌಕರರ ನಿವೃತ್ತಿ ಖಾತೆಗಳ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಷೇರಿನಲ್ಲೇ ಇತ್ತು. ಕೆಲಸವೂ ಹೋಯಿತು, ನಿವೃತ್ತಿಯ ಹಣವೂ ಹೋಯಿತು. ಅದು ಮೋಸದ ಕಂಪನಿ, ನಮ್ಮದು ಹಾಗಲ್ಲ ಅನ್ನಬಹುದು. ಇರಲಿ. ಪ್ರಾಮಾಣಿಕ ಕಂಪನಿಯಾದರೂ ಸಂಬಳ ಕೊಡುವವನ ಕೈಗೇ ಉಳಿತಾಯವನ್ನೂ ಕೊಟ್ಟು ಕೂರುವುದು ಯಾಕೆ? ನಾಳೆ ಯಾರಾದರೂ ನಗದು ಕೊಟ್ಟರೆ ಅದರಲ್ಲಿ ಅಷ್ಟೇ ಮೊತ್ತಕ್ಕೆ ಆ ಷೇರನ್ನೇ ಕೊಳ್ಳುತ್ತೀರಾ? ಕೊಳ್ಳುವುದಿಲ್ಲ ಅಂತಾದರೆ ಇಟ್ಟುಕೊಳ್ಳಲು ಕಾರಣವೂ ಇಲ್ಲ. ಮಾರುವ ಮುಂಚೆ ಒಂದನ್ನು ಮಾತ್ರ ನೋಡಿ. ಕೆಲವು ಕಂಪನಿಗಳಲ್ಲಿ ನೌಕರರು ಷೇರು ಮಾರಬಾರದ ದಿನಗಳು ಇರುತ್ತವೆ, ಆ ನಿಯಮ ಕೇಳಿಕೊಳ್ಳಿ.

ಬಿದ್ದ ಮಾರುಕಟ್ಟೆಯಲ್ಲಿ ಹೊಸದಾಗಿ ಹಣ ಹಾಕುವುದು? ಯೋಚನೆ ತಪ್ಪಲ್ಲ. ಯಾವ ಹಣ ಅನ್ನುವುದು ಮುಖ್ಯ. ಅಮೆರಿಕದ 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಿಗೆ ಅಳೆಯುವ ಎಸ್ ಆಂಡ್ ಪಿ ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಶೇ. 57 ಬಿತ್ತು. ಹಳೇ ಮಟ್ಟಕ್ಕೆ ಬರಲು 2013 ಆಗಬೇಕಾಯಿತು. 2020ರಲ್ಲಿ ಐದೇ ವಾರದಲ್ಲಿ ಶೇ. 34 ಬಿದ್ದು ಆಗಸ್ಟ್ ಹೊತ್ತಿಗೆ ಎದ್ದು ನಿಂತಿತು. ಜಪಾನಿನ ನಿಕೇ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಆರು ತಿಂಗಳು, ಐದೂವರೆ ವರ್ಷ, ಮೂವತ್ತನಾಲ್ಕು ವರ್ಷ. ಬೀಳುವಾಗ ಮೂರೂ ಒಂದೇ ಥರ ಕಾಣುತ್ತವೆ. ಮಾರುಕಟ್ಟೆ ಕೊನೆಗೆ ಏರುತ್ತದೆ ಅನ್ನುವವರು ಆ ಕೊನೆ ಯಾವಾಗ ಅಂತ ಹೇಳುವುದಿಲ್ಲ. ಶೇ. 30 ಬಿದ್ದಿದ್ದು ಇನ್ನು ಬೀಳುವುದಿಲ್ಲ ಅಂತಲೂ ಇಲ್ಲ. ಶೇ. 57 ಬಿದ್ದಿದ್ದು ಒಮ್ಮೆ ಶೇ. 30ರಲ್ಲಿ ಇತ್ತು, ಅಲ್ವಾ? ಆಗ ಕೊಂಡವರು ಇನ್ನೂ ಶೇ. 38ರಷ್ಟು ಇಳಿತ ನೋಡಿದರು.

ನನ್ನದೇ ಕಥೆ ಹೇಳುತ್ತೇನೆ, ನಾಚಿಕೆಯ ಕಥೆ. 2009ರ ಫೆಬ್ರವರಿಯಲ್ಲಿ ನಾನು ನನ್ನ ಷೇರು ಫಂಡುಗಳನ್ನೆಲ್ಲ ಮಾರಿದೆ. ಕೆಲಸ ಇತ್ತು, ಸಾಲ ಇರಲಿಲ್ಲ, ಹಣದ ಅಗತ್ಯವೂ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಸ್ಕ್ರೀನಿನ ಮುಂದೆ ಕೂತು ಕೆಂಪು ಅಂಕಿಗಳನ್ನು ನೋಡುವ ಚಟ ಹತ್ತಿತ್ತು. ಒಂದು ದಿನ ಸಾಕು ಅನ್ನಿಸಿತು. ಮಾರಿದ ರಾತ್ರಿ ಒಳ್ಳೆಯ ನಿದ್ದೆ ಬಂತು. ಮುಂದಿನ ತಿಂಗಳೇ ಮಾರುಕಟ್ಟೆ ತಳ ಮುಟ್ಟಿ ಏರತೊಡಗಿತು. ಇದು ಸುಳ್ಳು ಏರಿಕೆ, ಮತ್ತೆ ಬೀಳುತ್ತದೆ ಅಂತ ಎರಡು ವರ್ಷ ಕಾಯುತ್ತಾ ಕೂತೆ. ದಿನಾ ಬೇರೆಯವರಿಗೆ ಬುದ್ಧಿ ಹೇಳುವ ಕೆಲಸ ನನ್ನದು! ನನ್ನ ಹತ್ತಿರ ಯಾವ ಬ್ಯಾಂಕೂ ಬಲವಂತದಿಂದ ಮಾರಿಸಲಿಲ್ಲ. ನನಗೆ ತಡೆಯಲು ಆಗುವುದಕ್ಕಿಂತ ಜಾಸ್ತಿ ಹಣ ಅಲ್ಲಿತ್ತು, ಅಷ್ಟೇ. ಆಮೇಲೆ ಮತ್ತೆ ಹಾಕಿದಾಗ ಮೊದಲಿನ ಅರ್ಧದಷ್ಟೇ ಹಾಕಿದೆ. 2020ರಲ್ಲಿ ಅಪ್ಲಿಕೇಶನ್ನನ್ನು ಫೋನಿನಿಂದ ತೆಗೆದುಹಾಕಿ ಸುಮ್ಮನಿದ್ದೆ.

ಆದ್ದರಿಂದ ಹೀಗೆ ಮಾಡಿ. ಕಂಪನಿ ಷೇರು ಮಾರಿದ ಹಣ ಇದೆಯಲ್ಲ, ಅದರಲ್ಲಿ ಅರ್ಧವನ್ನು ತುರ್ತಿನ ಹಣಕ್ಕೆ ಸೇರಿಸಿ. ಉಳಿದರ್ಧವನ್ನು ಕನಿಷ್ಠ ಏಳೆಂಟು ವರ್ಷ ಬೇಡ ಅನ್ನುವುದಾದರೆ ಮಾತ್ರ, ನೂರಾರು ಕಂಪನಿಗಳು ಒಟ್ಟಿಗೆ ಇರುವ ಇಂಡೆಕ್ಸ್ ಫಂಡಿಗೆ, ಒಂದು ವರ್ಷದ ಮೇಲೆ ಹರಡಿ ತಿಂಗಳು ತಿಂಗಳು ಹಾಕಿ. ತಿಂಗಳು ತಿಂಗಳು ಹಾಕುವುದರಿಂದ ಲಾಭ ಜಾಸ್ತಿ ಅಂತ ಹೇಳುತ್ತಿಲ್ಲ. ಮಧ್ಯದಲ್ಲಿ ಕೆಲಸ ಹೋದರೆ ನಿಲ್ಲಿಸಬಹುದು, ಅದಕ್ಕೆ. ಹತ್ತು ತಿಂಗಳ ಹಣದಿಂದ ಒಂದು ಕಾಸೂ ಷೇರಿಗೆ ಹೋಗಬಾರದು. ಕೆಲಸ ಹೋಗುವುದೂ ಷೇರು ಬೀಳುವುದೂ ಒಂದೇ ಕಾಲದಲ್ಲಿ ಆಗುತ್ತದೆ. ಆಗ ಅರ್ಧ ಬೆಲೆಗೆ ಮಾರಿ ಕಂತು ಕಟ್ಟಬೇಕು.

ಇನ್ನು ಭಾವನವರ ಸಲಹೆ. ಅವರ ಮೇಲೆ ಸಿಟ್ಟು ಬೇಡ, ಅವರ ಮಾತಿನಲ್ಲಿ ಸತ್ಯವಿದೆ. ಕೆಟ್ಟ ಕಾಲದಲ್ಲಿ ಮನೆ ಕೊಂಡು ಹಣ ಮಾಡಿದವರು ಇದ್ದಾರೆ. ಅವರ ಹತ್ತಿರ ಎರಡು ಇತ್ತು: ನಗದು, ಮತ್ತು ಅಲುಗಾಡದ ಆದಾಯ. ನಿಮ್ಮ ನಗದು ತುರ್ತಿಗೇ ಬೇಕು, ಆದಾಯ ಅಲುಗಾಡುತ್ತಿದೆ. ಇರುವ ಮನೆಯನ್ನು ಒತ್ತೆಯಿಟ್ಟು ಇನ್ನೊಂದನ್ನು ಹಿಡಿದರೆ ಒಂದು ಅನುಮಾನದ ಸಂಬಳದ ಮೇಲೆ ಎರಡು ಕಂತು ಕೂರುತ್ತದೆ. ಬಾಡಿಗೆ ಬರುತ್ತದೆ ಅನ್ನುತ್ತಾರೆ. ಬಾಡಿಗೆದಾರರ ಕೆಲಸವೂ ಹಿಂಜರಿತದಲ್ಲೇ ಇರುತ್ತದೆ. ಮನೆ ಮೂರು ತಿಂಗಳು ಖಾಲಿ ಬಿದ್ದರೆ ವರ್ಷದ ಬಾಡಿಗೆಯಲ್ಲಿ ಕಾಲು ಭಾಗ ಹೋಯಿತು. ತೆರಿಗೆ, ರಿಪೇರಿ ಮಾತ್ರ ಖಾಲಿ ಮನೆಗೂ ಬರುತ್ತವೆ. ಇಷ್ಟಾಗಿಯೂ ಅವಸರ ಏನಿದೆ? ಅಮೆರಿಕದಲ್ಲಿ ಬೆಲೆ ತಳ ಕಾಣಲು ಸುಮಾರು ಆರು ವರ್ಷ ಹಿಡಿಯಿತು. ಮನೆಯ ಮಾರುಕಟ್ಟೆ ಷೇರಿನ ಹಾಗೆ ಒಂದೇ ವಾರದಲ್ಲಿ ಎದ್ದು ಓಡುವುದಿಲ್ಲ. ನಿಮ್ಮ ಯಜಮಾನರ ಕೆಲಸ ಗಟ್ಟಿಯಾದ ಮೇಲೂ ಕೊಳ್ಳಲು ಮನೆಗಳು ಇರುತ್ತವೆ.

ಮನೆಯ ಮೇಲೆ ಸಾಲದ ಮಿತಿ ಮಂಜೂರು ಮಾಡಿಸಿ ಇಟ್ಟುಕೊಳ್ಳೋಣ, ಕಷ್ಟಕ್ಕೆ ಆಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಓವರ್‌ಡ್ರಾಫ್ಟಿನಲ್ಲಿ ಪೂರ್ತಿ ಇಡಬೇಡಿ ಅಂದೆನಲ್ಲ, ಅದಕ್ಕೂ ಇದೇ ಕಾರಣ. 2008ರಲ್ಲಿ ಅಮೆರಿಕದ ಹಲವು ದೊಡ್ಡ ಬ್ಯಾಂಕುಗಳು ಮನೆಯ ಮೇಲಿನ ಇಂಥ ಸಾಲದ ಮಿತಿಗಳನ್ನು ಕಡಿತ ಮಾಡಿದವು, ಕೆಲವನ್ನು ಪೂರ್ತಿ ನಿಲ್ಲಿಸಿದವು. ಮನೆ ಬೆಲೆ ಇಳಿದಿದೆ, ಒತ್ತೆಯ ಬೆಲೆ ಸಾಲದು ಅನ್ನುವುದು ಅವರ ಲೆಕ್ಕ. ಗ್ರಾಹಕರಿಗೆ ಹಣ ಬೇಕಾಗಿದ್ದು ಆಗಲೇ.

ಅಕಸ್ಮಾತ್ ಕೆಲಸ ಹೋದರೆ ಮೊದಲ ವಾರದಲ್ಲೇ ಸಾಲ ಕೊಟ್ಟವರ ಹತ್ತಿರ ಹೋಗಿ. ಇದನ್ನು ಒತ್ತಿ ಹೇಳುತ್ತೇನೆ. ಕಂತು ತಪ್ಪುವ ಮುಂಚೆ ಬಂದವರಿಗೆ ನಾನು ಅವಧಿ ಉದ್ದ ಮಾಡುವುದು, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಿಸಿಕೊಳ್ಳುವುದು, ಹೀಗೆ ಏನಾದರೂ ಬರೆಯಬಹುದಿತ್ತು. ಮೂರು ಕಂತು ತಪ್ಪಿದ ಮೇಲೆ ಫೈಲು ನನ್ನ ಟೇಬಲ್ಲಿನಿಂದ ವಸೂಲಿಯವರ ಟೇಬಲ್ಲಿಗೆ ಹೋಗುತ್ತಿತ್ತು. ಆ ಟೇಬಲ್ಲಿನ ಮಾತೇ ಬೇರೆ. ಜನ ನಾಚಿಕೆಯಿಂದ ತಡಮಾಡುತ್ತಾರೆ. ಫೋನು ತೆಗೆಯುವುದಿಲ್ಲ. ಬ್ಯಾಂಕಿನ ಮನುಷ್ಯನಿಗೆ ಅದು ನಾಚಿಕೆಯಾಗಿ ಕಾಣುವುದಿಲ್ಲ, ತಪ್ಪಿಸಿಕೊಳ್ಳುವುದಾಗಿ ಕಾಣುತ್ತದೆ.

ಹಾಗಂತ ಕೊಟ್ಟಿದ್ದನ್ನೆಲ್ಲ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. 2020ರಲ್ಲಿ ಅನೇಕ ದೇಶಗಳಲ್ಲಿ ಕಂತಿಗೆ ಕೆಲವು ತಿಂಗಳು ರಜೆ ಕೊಟ್ಟರು. ಕಂತಿಗೆ ರಜೆ, ಬಡ್ಡಿಗೆ ಸಾಮಾನ್ಯವಾಗಿ ರಜೆ ಇರಲಿಲ್ಲ. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಶೇ. 8, ಹದಿನಾರು ವರ್ಷ ಬಾಕಿ, ಅಂದರೆ 192 ಕಂತು. ಆರು ತಿಂಗಳು ಏನೂ ಕಟ್ಟದೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ 1,000 ಇದ್ದದ್ದು ಸುಮಾರು 1,041 ಆಗುತ್ತದೆ. ಆಮೇಲೆ ಹಳೇ ಕಂತನ್ನೇ ಕಟ್ಟಿದರೆ ಬೇಕಾಗುವುದು 209 ಕಂತು. ಆರು ತಿಂಗಳ ಬಿಡುವಿಗೆ ಹದಿನೇಳು ಕಂತು ಹೆಚ್ಚು. ಬೇರೆ ದಾರಿ ಇಲ್ಲದಾಗ ಇದೂ ಸರಿ, ಮನೆ ಉಳಿಯುತ್ತದೆ. ಸುಮ್ನೆ ಸಿಗುತ್ತಿದೆ ಅಂತ ತೆಗೆದುಕೊಳ್ಳುವುದು ಬೇಡ. ಬಡ್ಡಿ ಮಾತ್ರ ಕಟ್ಟುವ ಅವಕಾಶ ಸಿಕ್ಕರೆ ಅದು ಇದಕ್ಕಿಂತ ಮೇಲು, ಅಸಲು ಬೆಳೆಯುವುದಿಲ್ಲ. ಏನೇ ಒಪ್ಪಿದರೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಕೊನೆಯದು, ಮಾರಿ ಬಾಡಿಗೆಗೆ ಹೋಗುವುದು. ಭಯಕ್ಕೆ ಮಾರಬೇಡಿ. ಮಾರುವ ಖರ್ಚು, ಸಾಮಾನು ಸಾಗಿಸುವ ಖರ್ಚು, ಮತ್ತೆ ಕೊಳ್ಳುವಾಗಿನ ಖರ್ಚು ಸೇರಿದರೆ ಬೆಲೆ ಚೆನ್ನಾಗಿಯೇ ಇಳಿಯದ ಹೊರತು ಲಾಭ ಉಳಿಯುವುದಿಲ್ಲ. ಆದರೆ ಲೆಕ್ಕಕ್ಕೆ ಮಾರಬೇಕಾಗಬಹುದು. ಕೆಲಸ ಹೋಗಿ ಆರು ತಿಂಗಳಾಯಿತು, ಹೊಸದು ಸಿಗುವ ಸೂಚನೆ ಇಲ್ಲ, ಕೈಯಲ್ಲಿ ಇನ್ನು ಏಳೆಂಟು ತಿಂಗಳ ಹಣ ಉಳಿದಿದೆ ಅನ್ನುವಾಗ ಮಾರಾಟಕ್ಕೆ ಇಡಿ. ಒಂದು ತಿಂಗಳ ಹಣ ಉಳಿದಾಗ ಇಟ್ಟರೆ ಕೊಳ್ಳುವವನಿಗೆ ನಿಮ್ಮ ಅವಸರ ಕಾಣುತ್ತದೆ. ಇನ್ನೂ ತಡವಾದರೆ ಬ್ಯಾಂಕು ಹರಾಜು ಹಾಕುತ್ತದೆ, ಹರಾಜಿನಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ ಬರುತ್ತದೆ. ಹರಾಜಿನಿಂದ ಸಾಲ ಪೂರ್ತಿ ತೀರದಿದ್ದರೆ ಉಳಿದದ್ದು ಯಾರ ತಲೆಗೆ ಅನ್ನುವುದು ದೇಶ ದೇಶಕ್ಕೆ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ವಂತ ವಾಸದ ಮನೆ ಕೊಳ್ಳಲು ತೆಗೆದ ಸಾಲವಾದರೆ ಸಾಮಾನ್ಯವಾಗಿ ಮನೆ ಕೊಟ್ಟರೆ ಮುಗಿಯಿತು. ಸ್ಪೇನಿನಲ್ಲಿ 2008ರ ನಂತರ ಮನೆ ಹೋದ ಎಷ್ಟೋ ಸಂಸಾರಗಳ ಹೆಗಲ ಮೇಲೆ ಬಾಕಿ ಸಾಲ ಹಾಗೇ ಉಳಿಯಿತು.

ನಿಮ್ಮದು ಯಾವ ಥರದ್ದು ಅನ್ನುವುದು ನಿಮ್ಮ ಕಡೆಯ ಕಾನೂನಿನ ಮೇಲೂ ಸಾಲಪತ್ರದ ಮೇಲೂ ನಿಂತಿದೆ. ಈ ಭಾನುವಾರ ಸಾಲಪತ್ರವನ್ನು ಬೀರುವಿನಿಂದ ಹೊರಗೆ ತೆಗೆಯಿರಿ, ಇಬ್ಬರೂ ಒಟ್ಟಿಗೆ ಕೂತು ಓದಿ. ಬಡ್ಡಿಯನ್ನು ಎಷ್ಟು ತಿಂಗಳಿಗೊಮ್ಮೆ ಬದಲಿಸುತ್ತಾರೆ, ಹೆಚ್ಚಿಗೆ ಕಟ್ಟಿದ ಹಣ ವಾಪಸ್ ಸಿಗುತ್ತದಾ, ಎಷ್ಟು ಕಂತು ತಪ್ಪಿದರೆ ನೋಟಿಸು ಬರುತ್ತದೆ, ಹರಾಜಿನ ನಂತರದ ಬಾಕಿ ಯಾರದು. ಈ ನಾಲ್ಕಕ್ಕೆ ಗುರುತು ಹಾಕಿ. ಅರ್ಥವಾಗದ ಸಾಲು ಸಿಕ್ಕರೆ ಅದನ್ನು ಹಾಗೇ ನಕಲು ಮಾಡಿ ನನಗೆ ಬರೆಯಿರಿ. ಹೆಸರು, ಖಾತೆ ಸಂಖ್ಯೆ ಮಾತ್ರ ಹಾಕಬೇಡಿ.